ಬೆಳ್ಳಿಯ ಬೆನ್ನಿನ ಉಂಗುರಗಳು

ದೀಪಾವಳಿ ಮುಗಿದ ವಾರ ಸನವಳ್ಳಿಗೆ ಹೋಗಿ ನನ್ನ ಅಕ್ಕನ ಕುರಿ ಮುಟ್ಟಿ ಬಂದೆ. ಬಸ್ಸು ಹಳಿಯಾಳ ಸೇರುವಷ್ಟರಲ್ಲಿ ನನಗೆ ಕುತ್ತಿಗೆ, ಮೊಣಕೈ, ಹೊಟ್ಟೆ, ಎಲ್ಲಾ ಕಡೆ ತುರಿಕೆ. ಮನೆಯಲ್ಲಿ ಹೆಂಡತಿ ಕನ್ನಡಕ ಏರಿಸಿಕೊಂಡು ಹುಡುಕಿದಳು. ಒಂದು ಗುಳ್ಳೆಯೂ ಇಲ್ಲ.

‘ತುರಿಕಿ ನಿಮ್ಮ ತಲ್ಯಾಗೈತಿ’ ಎಂದಳು. (ನಮ್ಮ ಸಂಸಾರದಲ್ಲಿ ಇದಕ್ಕಿಂತ ಸರಿಯಾದ ಡಯಾಗ್ನೋಸಿಸ್ ಆಗಿಲ್ಲ.)

ಆದರೆ ಬೆಳ್ಳಿಯದು ನಿಜವಾದ ತುರಿಕೆ. ಬೆಳ್ಳಿ ಅಂದರೆ ನನ್ನ ಅಕ್ಕ ನೀಲಕ್ಕನ ಹತ್ತಿರ ಇದ್ದ ಒಂದೇ ಕುರಿ. ಅದರ ಬೆನ್ನ ತುಂಬ ಕೆಂಪು ಉಂಗುರಗಳು. ಊದಿಕೊಂಡು ನೀರು ಸೋರುತ್ತಿದ್ದವು. ದುಂಡಗಿದೆ ಅಂದಮೇಲೆ ಇನ್ನೇನು? ಹುಳುಕಡ್ಡಿ ಎಂದಿತು ಊರು. ಹುಳುಕಡ್ಡಿ ಅಂದರೆ ಅಂಟುರೋಗ.

ಓಣಿಯ ಕುರಿಗಳನ್ನೆಲ್ಲ ಒಟ್ಟಿಗೆ ಮೇಯಿಸಲು ಒಯ್ಯುವ ಫಕ್ಕೀರಪ್ಪ ಬಾಗಿಲಲ್ಲೇ ನಿಂತು ಹೇಳಿದ: ‘ನೀಲಕ್ಕ, ನಾಳಿಂದ ಇದನ್ನ ಬಿಡಬ್ಯಾಡ್ರಿ.’

ಒಂಟಿ ಕುರಿಯನ್ನು ನೋಡಿದ್ದೀರಾ? ಮುಂದೆ ಹಸಿಹುಲ್ಲು ರಾಶಿ ಹಾಕಿದರೂ ಅದರ ಮುಖ ಹಿಂಡು ಹೋದ ದಾರಿಯ ಕಡೆಗೇ. ಅಕ್ಕನ ಹೆದರಿಕೆ ಅದೇ. ‘ರೋಗದಿಂದಲ್ಲ ತಮ್ಮಾ, ಇದು ಹಸಿದು ಸಾಯ್ತೈತಿ. ಡಾಕ್ಟರನ್ನ ಕರಸು.’

ದನದ ಡಾಕ್ಟರಮ್ಮ ಬಂದರು. ಉಂಗುರಗಳನ್ನು ನೋಡಿದರು. ಕೇಳಿದ್ದು ಮಾತ್ರ ವಿಚಿತ್ರ: ‘ಹಬ್ಬಕ್ಕ ಏನ್ ಬಣ್ಣ ಹಚ್ಚಿದ್ರಿ?’

ಪಾಡ್ಯದ ದಿನ ಬಟ್ಟಲಿನ ಬಾಯಿಯನ್ನು ಬಣ್ಣದಲ್ಲಿ ಅದ್ದಿ ಕುರಿಯ ಮೈಮೇಲೆ ಒತ್ತುವುದು ನಮ್ಮಲ್ಲಿ ಶೃಂಗಾರ. ಮೊದಲು ಕೆಮ್ಮಣ್ಣು ಇತ್ತು. ಈಗ ಅಂಗಡಿಯ ಪುಡಿ. ಉಣ್ಣೆ ಕತ್ತರಿಸಿದ ಬರಿಮೈಗೆ ಅಕ್ಕ ಅದನ್ನೇ ಒತ್ತಿದ್ದಳು. ಬಟ್ಟಲು ತರಿಸಿ ಇಟ್ಟು ನೋಡಿದರೆ, ಪ್ರತಿ ಉಂಗುರಕ್ಕೂ ಅಳತೆ ತಪ್ಪದೆ ಕೂತಿತು.

‘ಹೋದ ವರ್ಷಾನೂ ಇದನ್ನ ಹಚ್ಚಿದ್ನಲ್ರಿ! ಆಗ ಏನೂ ಆಗ್ಲಿಲ್ಲ?’ ಎಂದಳು ಅಕ್ಕ.

‘ಹೋದ ವರ್ಷ ಗುರ್ತು ಹಿಡದಾವ. ಈ ವರ್ಷ ಹೊಡದಾವ.’

ಯಾವುವು? ಚರ್ಮದೊಳಗಿನ ಕಾವಲು ಕೋಶಗಳು ಎಂದರು ಡಾಕ್ಟರಮ್ಮ. ಅಪರಿಚಿತ ರಾಸಾಯನಿಕ ಸೋಕಿದರೆ ಕೆಲವು ಅದನ್ನು ಹಿಡಿದು ಹತ್ತಿರದ ಗ್ರಂಥಿಗೆ ಒಯ್ದು ಉಳಿದವಕ್ಕೆ ತೋರಿಸುತ್ತವೆ. ಅವು ನೆನಪಿಟ್ಟುಕೊಳ್ಳುತ್ತವೆ. ಮತ್ತೊಮ್ಮೆ ಸೋಕಿತೋ, ದಂಡೆತ್ತಿ ಬರುತ್ತವೆ. ಬಣ್ಣಕ್ಕಿಂತ ಹೆಚ್ಚು ಹಾನಿ ಮಾಡುವುದು ಈ ದಂಡೇ. ‘ಅಲರ್ಜಿರಿ. ಒಂದರಿಂದ ಇನ್ನೊಂದಕ್ಕ ಹತ್ತೂದಿಲ್ಲ’ ಎಂದವರೇ ನನ್ನ ಮಣಿಕಟ್ಟಿನ ಕಲೆ ನೋಡಿ, ‘ನಿಮಗೂ ವಾಚಿನ ಪಟ್ಟಿ ಆಗಿ ಬರೂದಿಲ್ಲೇನು?’ ಎಂದು ನಕ್ಕರು. ಕುರಿಗೂ ನನಗೂ ಒಂದೇ ಕಾಯಿಲೆ! (ಅಷ್ಟು ಕೇಳಿಯೂ ನಾನು ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ. ಬಸ್ಸಿನಲ್ಲಿ ತುರಿಸಿಕೊಂಡಿದ್ದು ಅದಾದ ಮೇಲೆಯೇ.)

ಮುಲಾಮು ಹಚ್ಚಿದ್ದಾಯಿತು. ಉಂಗುರಗಳು ಒಣಗಿ ಉದುರಿದವು. ಚರ್ಮ ನುಣುಪಾಯಿತು. ಅಕ್ಕ ಬೆಳ್ಳಿಯನ್ನು ಫಕ್ಕೀರಪ್ಪನ ಮುಂದೆ ನಿಲ್ಲಿಸಿದಳು.

ಫಕ್ಕೀರಪ್ಪ ಕೆಟ್ಟವನಲ್ಲ. ಮುಖ ಕೆಳಗೆ ಹಾಕಿ ಹೇಳಿದನಂತೆ: ‘ಡಾಕ್ಟರು ಹೇಳಿದ್ದು ಖರೇನ ಇರಬೇಕು, ಯಕ್ಕಾ. ಆದ್ರ ಇದನ್ನ ಕೂಡಿಸಿಕೊಂಡ್ರ ಮಂದಿ ತಮ್ಮ ಕುರಿ ಬಿಡಿಸಿಕೊಂಡು ಹೋಗ್ತಾರ. ಆಮ್ಯಾಲ ನಾ ಏನ್ ಕಾಯ್ಲಿ?’

ಹೆದರಿದವರಿಗೆ ವಿವರಣೆ ಸಾಲುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದಿನಾ ಬೆಳಿಗ್ಗೆ ಹಿಂಡು ಮನೆಮುಂದೆ ಹಾದುಹೋಗುತ್ತಿತ್ತು. ಬೆಳ್ಳಿ ಹಗ್ಗ ಜಗ್ಗಿ ಕೂಗುತ್ತಿತ್ತು. ದಿನಾ ಒಂದಿಷ್ಟು ಮೈ ಇಳಿಯುತ್ತಿತ್ತು. ಪಕ್ಕೆಲುಬು ಕಾಣತೊಡಗಿದಾಗ ಅಕ್ಕ ಸೋತಳು.

ಮೊನ್ನೆ ಫೋನ್ ಮಾಡಿದಳು. ‘ಕೊಟ್ಟಬಿಟ್ಟೆ, ತಮ್ಮಾ. ಓಣಿ ಮಂದಿ ತಾವ ಅದನ್ನ ಕೊಯ್ದು ಪಾಲು ಹಾಕಿಕೊಂಡ್ರು.’

‘ಹುಳುಕಡ್ಡಿ ಅಂತ ಯಾರೂ ಅನ್ನಲಿಲ್ಲೇನು?’



‘ಎಲ್ಲಾರೂ ಕೇಳಿದ್ದು ಒಂದ ಮಾತು: ಮಾಂಸ ಎಳೇದೈತೋ, ಬಲಿತೈತೋ?’