ಗೋಲ್ ಪೋಸ್ಟಿನ ಹಿಂದಿನ ಕಾಫಿ

ನಮ್ಮ ಕಡೆ ಸಮತಟ್ಟು ಜಾಗ ಕಂಡರೆ ಜನರಿಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಎಲ್ಲಿ ನೋಡಿದರೂ ಏರು, ಇಳಿಜಾರು. ಹಾಗಾಗಿ ಕೊಯ್ಲಿನ ಕಾಲದಲ್ಲಿ ಅಂಗೈಯಗಲ ಮಟ್ಟಸ ನೆಲ ಸಿಕ್ಕರೂ ಅಲ್ಲಿ ಕಾಫಿ ಹಣ್ಣು ಒಣಗಲು ಹರವಿಯೇ ಸಿದ್ಧ. ತಾರಸಿ ಆಯಿತು, ರಸ್ತೆಯ ಅಂಚು ಆಯಿತು, ಕಾರು ನಿಲ್ಲಿಸುವ ಜಾಗವೂ ಆಯಿತು. ಉಳಿದಿದ್ದು ನನ್ನ ಫುಟ್‌ಬಾಲ್ ಮೈದಾನ.

ಮೂಡಿಗೆರೆ ಹತ್ತಿರದ ಕಾಲೇಜೊಂದರಲ್ಲಿ ನಾನು ಹುಡುಗಿಯರ ತಂಡದ ಕೋಚ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಹುಡುಗೀರಿಗೆ ಫುಟ್‌ಬಾಲ್ ಎಂತಕ್ಕೆ ಮೇಡಂ? ಥ್ರೋಬಾಲ್ ಸಾಕಲ್ವ?" ಉತ್ತರ ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಮಳೆಗಾಲವಿಡೀ ಮೈದಾನ ಕೆಸರುಗದ್ದೆ. ಮಳೆ ನಿಂತ ಮೇಲೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ತುಂಬ ರಕ್ತ ಹೀರುವ ಇಂಬಳ. ಹುಲ್ಲು ಕೊಯ್ಯಿಸಿ, ಸುಣ್ಣದ ಗೆರೆ ಎಳೆಸಿ, ಇನ್ನು ಆಡೋಣ ಎನ್ನುವಾಗ ಕೊಯ್ಲು ಶುರು. ಅರ್ಧ ತಂಡ ತೋಟದಲ್ಲಿರುತ್ತದೆ. ಯಾಕೆ ಬರಲಿಲ್ಲ ಎಂದು ಗದರಿದರೆ, "ಆಳು ಸಿಕ್ಲಿಲ್ಲ ಮೇಡಂ, ಹಣ್ಣು ಉದುರ್ತಿತ್ತು" ಎಂದು ನೆಲ ನೋಡುತ್ತಾರೆ. ಇದಕ್ಕೆ ನಾನು ಏನು ಹೇಳಲಿ? ಹಣ್ಣಿಗೆ ಉದುರಬೇಡ ಎನ್ನಲೇ?

ಆ ವರ್ಷ ಮಾತ್ರ ನಾನು ಹಟ ಹಿಡಿದಿದ್ದೆ. ಕಾರಣ ನಮ್ಮ ಗೋಲ್‌ಕೀಪರ್. ಸಂಸೆ ಕಡೆಯ ಸಣ್ಣ ಬೆಳೆಗಾರರೊಬ್ಬರ ಮಗಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಕೊನೆಯ ವರ್ಷ. ಎಂಥ ಚೆಂಡು ಬರಲಿ, ಅವಳು ಅದು ಬರುವ ಕಡೆ ಮೊದಲೇ ಹೋಗಿ ನಿಂತಿರುತ್ತಿದ್ದಳು. ಅಂಥವಳು ಇನ್ನೊಬ್ಬಳು ನನಗೆ ಸಿಕ್ಕಿಲ್ಲ. ಅವಳಿಗೆ ನನ್ನಂತೆಯೇ ಕೋಚ್ ಆಗುವ ಆಸೆ. ಅಪ್ಪ ಒಂದು ಷರತ್ತು ಹಾಕಿದ್ದರು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಮುಂದೆ ದೈಹಿಕ ಶಿಕ್ಷಣ ಓದಬಹುದು. ಆಗದಿದ್ದರೆ ಪರೀಕ್ಷೆ ಮುಗಿಯುತ್ತಲೇ ಮದುವೆ. ಕಳಸದಲ್ಲಿ ಹುಡುಗನನ್ನು ನೋಡಿಟ್ಟಾಗಿತ್ತು. ಆಯ್ಕೆ ಮಾಡುವವರು ಬರುತ್ತಿದ್ದದ್ದು ಒಂದೇ ಪಂದ್ಯ ನೋಡಲು. ಅದು ನಡೆಯಬೇಕಿದ್ದದ್ದು ನಮ್ಮ ಮೈದಾನದಲ್ಲಿ.

ಪಂದ್ಯಕ್ಕೆ ವಾರವಿರುವಾಗ ಬೆಳಿಗ್ಗೆ ಬಂದು ನೋಡುತ್ತೇನೆ, ಒಂದು ಗೋಲ್ ಪೋಸ್ಟಿನ ಹಿಂದೆ ಇಷ್ಟುದ್ದಕ್ಕೂ ಟಾರ್ಪಾಲು, ಅದರ ಮೇಲೆ ಕಾಫಿ ಹಣ್ಣು! ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರ ಎಸ್ಟೇಟಿನದು. ಅವರ ಕಣ ತುಂಬಿ ಹೋಗಿತ್ತಂತೆ. ನಾನು ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

"ಗೆರೆಯಿಂದ ಆಚೆ ಅಲ್ವ ಮೇಡಂ ಇರೋದು? ಆಟಕ್ಕೆ ಎಂತ ತೊಂದ್ರೆ? ಒಂಚೂರು ಅಡ್ಜಸ್ಟ್ ಮಾಡ್ಕಳಿ. ಜೆರ್ಸಿ ಕೊಡ್ಸಿದ್ದೂ ಅವ್ರೇ."

ಜೆರ್ಸಿ ಕೊಡಿಸಿದ್ದು ಅವರೇ, ನಿಜ. ನಾನು ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಪಂದ್ಯದ ದಿನ ಅಧ್ಯಕ್ಷರೇ ಮುಖ್ಯ ಅತಿಥಿ. ಅವರ ಪಕ್ಕದ ಕುರ್ಚಿಯಲ್ಲಿ ಆಯ್ಕೆದಾರರು. ಸಂಸೆಯಿಂದ ಹುಡುಗಿಯ ಅಪ್ಪನೂ ಬಂದಿದ್ದರು, ಮಗಳ ಆಟ ನೋಡಲು ಮೊದಲ ಸಲ. ಎದುರಾಳಿಗಳು ಬಯಲುಸೀಮೆಯ ಗಟ್ಟಿ ತಂಡ. ನಮ್ಮ ಹುಡುಗಿ ಒಂದಾದ ಮೇಲೊಂದು ಚೆಂಡು ತಡೆದಳು. ಒಮ್ಮೆಯಂತೂ ಮೂಲೆಗೆ ನುಗ್ಗುತ್ತಿದ್ದ ಚೆಂಡನ್ನು ಬೆರಳ ತುದಿಯಲ್ಲಿ ಹೊರಗೆ ತಳ್ಳಿದಾಗ ಆಯ್ಕೆದಾರರು ಕುರ್ಚಿಯಿಂದ ಅರ್ಧ ಎದ್ದರು. ದ್ವಿತೀಯಾರ್ಧ ಮುಗಿಯಲು ಬಂದರೂ ಎರಡೂ ಕಡೆ ಗೋಲಿಲ್ಲ.

ಆಗ ಗುಡ್ಡದ ಕಡೆಯಿಂದ ಮೋಡ ಕವಿಯಿತು. ಜನವರಿಯಲ್ಲಿ ಯಾರಿಗೆ ಬೇಕಿತ್ತು ಆ ಮಳೆ! ಟಪಟಪ ನಾಲ್ಕು ಹನಿ ಬಿದ್ದದ್ದೇ ತಡ, "ಅಯ್ಯೋ, ಕಾಫಿ!" ಎಂದು ಯಾರೋ ಕೂಗಿದರು. ನನ್ನ ಕಣ್ಣೆದುರೇ ನನ್ನ ತಂಡ ಆಟ ಬಿಟ್ಟು ಓಡಿತು. ಹನ್ನೊಂದು ಮಂದಿಯೂ! ಎಲ್ಲರಿಗಿಂತ ಮುಂದೆ, ಹತ್ತಿರದಲ್ಲೇ ಇದ್ದ ಗೋಲ್‌ಕೀಪರ್. ಇಬ್ಬರು ಟಾರ್ಪಾಲಿನ ತುದಿ ಹಿಡಿದರು, ಉಳಿದವರು ಗ್ಲೌಸು, ಬೂಟು ಏನೂ ನೋಡದೆ ಹಣ್ಣು ರಾಶಿ ಮಾಡತೊಡಗಿದರು. ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ತಿಂಗಳುಗಟ್ಟಲೆ ಬಡಿದುಕೊಂಡರೂ ಬಾರದ ಹೊಂದಾಣಿಕೆ ಅಲ್ಲಿ ತಾನಾಗಿ ಬಂದಿತ್ತು.

"ಬನ್ರೇ ಇತ್ಲಾಗೆ! ಆಟ ನಡೀತಿದೆ ಕಣ್ರೇ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ರೆಫರಿ ಸೀಟಿ ಊದಿರಲಿಲ್ಲ. ಎದುರು ತಂಡದವರು ಒಂದು ಕ್ಷಣ ಬೆಪ್ಪಾಗಿ ನಿಂತರು. ಆಮೇಲೆ ಅವರಲ್ಲೊಬ್ಬಳು, ಪಾಪ, ಸಂಕೋಚದಿಂದಲೇ, ಚೆಂಡನ್ನು ಮೆಲ್ಲಗೆ ತಳ್ಳಿಕೊಂಡು ಬಂದು ಖಾಲಿ ಗೋಲಿಗೆ ಬಿಟ್ಟಳು. ಗೋಲ್ ಎಂದರು ರೆಫರಿ. ಮಳೆ ಅಷ್ಟಕ್ಕೇ ನಿಂತಿತು. ಇದ್ದ ಐದಾರು ನಿಮಿಷ ಆಡಿ ನಾವು ಸೋತೆವು.

ಅಧ್ಯಕ್ಷರು ಕುರ್ಚಿ ಬಿಟ್ಟು ಕದಲಿರಲಿಲ್ಲ. "ಮೇಡಂ, ಭಾರೀ ಒಳ್ಳೆ ಮಕ್ಕಳನ್ನ ತಯಾರು ಮಾಡಿದೀರಿ" ಎಂದು ನನ್ನನ್ನೇ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಆಯ್ಕೆದಾರರು ಕಾರಿನ ಬಾಗಿಲು ತೆರೆಯುತ್ತ, "ಕೈ ಚೆನ್ನಾಗಿದೆ. ಆದರೆ ಗೋಲ್ ಬಿಟ್ಟು ಹೋಗುವ ಕೀಪರನ್ನು ನಾನು ಹೇಗೆ ತಗೊಳ್ಳಲಿ, ನೀವೇ ಹೇಳಿ" ಎಂದರು. ನಾನು ಏನೇನೋ ಹೇಳಿ ಬೇಡಿಕೊಂಡೆ. ಕಾರು ಹೊರಟುಹೋಯಿತು.

ಹುಡುಗಿಯ ಅಪ್ಪ ಮಾತ್ರ ಮುಖ ಅರಳಿಸಿಕೊಂಡು ಬಂದರು. "ನೋಡಿದ್ರಾ ಮೇಡಂ? ಎಲ್ರಿಗಿಂತ ಮೊದ್ಲು ಓಡಿದ್ದು ನಮ್ಮವಳೇ! ಮನೇಲೂ ಹಂಗೇ, ಒಂದು ಹಣ್ಣು ನೆನಿಯಕ್ಕೆ ಬಿಡಲ್ಲ."

ಅವಳು ಅಲ್ಲೇ ನಿಂತಿದ್ದಳು. ಗ್ಲೌಸಿನ ತುಂಬ ಹಣ್ಣಿನ ಅಂಟು. "ಅದು ನಮ್ಮ ಕಾಫಿ ಅಲ್ಲ ಅಪ್ಪ" ಎಂದಳು. "ನಾ ಹೋಗ್ಬಾರ್ದಿತ್ತು. ಅವ್ರು ನನ್ನ ತಗಳ್ಳಿಲ್ಲ."

ಅವರ ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳನ್ನು ನೋಡಿದರು, ಖಾಲಿ ಗೋಲನ್ನು ನೋಡಿದರು. ಷರತ್ತು ಹಾಕಿದವರು ತಾವೇ ಎಂಬುದು ಆಗ ನೆನಪಾಗಿರಬೇಕು. ದನಿ ಇಳಿಸಿ ನನ್ನನ್ನು ಕೇಳಿದರು:

"ಇನ್ನೊಂದ್ಸಲ ನೋಡಕ್ಕೆ ಬರಲ್ವ ಮೇಡಂ ಅವ್ರು?"