ಒಂದು ಗೇಣು ಎತ್ತರದ ಹಿಡಿಕೆ

ಹಿಡಿಕೆಯ ನಾಲ್ಕು ಸ್ಕ್ರೂಗಳಲ್ಲಿ ಮೂರು ಹೊರಗೆ ಬಂದಿವೆ. ನಾಲ್ಕನೆಯದು ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಟ್ರೇಲರಿನ ಬಾಗಿಲ ಪಕ್ಕ ಸ್ಟೂಲಿನ ಮೇಲೆ ನಿಂತಿರುವ ಆಕೆ, ಸ್ಕ್ರೂ ಬಿಚ್ಚಿದ ತೂತಿನೊಳಗೆ ಕಿರುಬೆರಳಿನ ಉಗುರು ತೂರಿಸಿ ನೋಡುತ್ತಾಳೆ. ಒದ್ದೆಯಾದ ಕಂದು ಪುಡಿ ಅಂಟಿಕೊಂಡು ಬರುತ್ತದೆ. ಮೂಸಿದರೆ ಮುಗ್ಗಲು. ಕೊಂಡು ಹದಿಮೂರು ತಿಂಗಳಾದ ಗಾಡಿಯ ಗೋಡೆ ಒಳಗೊಳಗೇ ಕೊಳೆಯುತ್ತಿದೆ.

ಇನ್ನೂ ಆರು ಗಂಟೆಯಾಗಿಲ್ಲ. ವೃದ್ಧಾಶ್ರಮದ ಹಿತ್ತಲಲ್ಲಿ, ಹಾಸಿಗೆ ಬಟ್ಟೆ ಒಣಗಿಸುವ ಹಗ್ಗಗಳ ಪಕ್ಕ ಟ್ರೇಲರ್ ನಿಂತಿದೆ. ಎಂಟಕ್ಕೆ ಒಳಗೆ ಮೊದಲನೆಯ ತಲೆ ಕಾಯುತ್ತಿರುತ್ತದೆ. ಅಷ್ಟರೊಳಗೆ ಈ ಹಿಡಿಕೆ ಗೋಡೆ ಬಿಡಬೇಕು.

ಹಾಸಿಗೆ ಹಿಡಿದವರ ಕೂದಲು ಕತ್ತರಿಸುವುದು ಆಕೆಯ ಕಸುಬು. ಒಂಬತ್ತು ವೃದ್ಧಾಶ್ರಮ, ಎರಡು ಆಸ್ಪತ್ರೆ. ಒಂದು ಸುತ್ತು ಮುಗಿಯಲು ಐದು ವಾರ ಬೇಕು. ದಿನಕ್ಕೆ ಹನ್ನೊಂದು ತಲೆ, ಕೈ ಚುರುಕಾಗಿದ್ದರೆ ಹದಿಮೂರು. ಎಲ್ಲ ಕಡೆಯೂ ಆಕೆಗೆ ಒಂದೇ ಹೆಸರು, ಕತ್ತರಿಯಕ್ಕ. "ಕೂದಲು ಕತ್ತರಿಸೋದೇನು ಮಹಾ! ತಲೇನ ಅಂಗೈಲಿ ಎತ್ತಿ ಹಿಡ್ಕೊಳ್ಳೋದೇ ಕೆಲಸ. ಎಷ್ಟೋ ದಿನದಿಂದ ಯಾರೂ ಮುಟ್ಟಿರಲ್ಲ ನೋಡಿ, ಕೈ ಇಟ್ಟ ಕೂಡ್ಲೇ ಕೆಲವರು ಕಣ್ಣು ಮುಚ್ಚಿಬಿಡ್ತಾರೆ" ಎನ್ನುತ್ತಾಳೆ.

ಇಪ್ಪತ್ತೆರಡು ವರ್ಷ ಸಲೂನಿನಲ್ಲಿ ನಿಂತು ಮಂಡಿ ಸವೆಸಿಕೊಂಡವಳು. ಆಮೇಲೆ ನಾಲ್ಕು ವರ್ಷ ಚೀಲ, ಬೋಗುಣಿ ಹೊತ್ತುಕೊಂಡು ಬಸ್ಸು ಬದಲಿಸುತ್ತ ಇದೇ ಊರುಗಳನ್ನು ಸುತ್ತಿದಳು. ಒಮ್ಮೆ ಪ್ರದರ್ಶನ ಮೈದಾನದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಹೊಸ ಟ್ರೇಲರುಗಳು ಸಾಲಾಗಿ ನಿಂತದ್ದನ್ನು ಕಂಡಳು. ಒಂದರೊಳಗೆ ಹೊಕ್ಕು ಎಲ್ಲ ಕಪಾಟಿನ ಬಾಗಿಲು ತೆಗೆದು ಮುಚ್ಚಿ, ಮಂಚದ ಮೇಲೆ ಕೂತು, ಹೊರಗೆ ಬಂದು, ಮತ್ತೆ ಎರಡು ಸಲ ಒಳಗೆ ಹೋದಳು. ಮಲಗಲು ಜಾಗ, ಬಿಸಿನೀರು, ಟವೆಲ್ಲಿನ ಕಪಾಟು, ಎಲ್ಲ ತನ್ನ ಬೆನ್ನ ಹಿಂದೆಯೇ ಉರುಳಿಕೊಂಡು ಬರುತ್ತದಲ್ಲ! ಮೂವತ್ತೊಂದು ವರ್ಷ ಬಸ್ಸು ಓಡಿಸಿ ಅದೇ ತಿಂಗಳು ನಿವೃತ್ತನಾಗಿದ್ದ ಗಂಡ ಬೇಡ ಎನ್ನಲಿಲ್ಲ. "ಹುಚ್ಚು ಹಿಡಿದ ಮೇಲೆ ಏನು ಮಾಡಕ್ಕಾಗುತ್ತೆ, ಅದಕ್ಕೂ ಎರಡು ಗಾಲಿ ಇರಲಿ ಬಿಡು" ಎಂದ.

ಹನ್ನೊಂದನೆಯ ವಾರದ ಒಂದು ಬೆಳಿಗ್ಗೆ, ಟ್ರೇಲರಿನ ಮುಂದೆ ಮಡಚುಕುರ್ಚಿಯಲ್ಲಿ ಕೂತವನು ಕೂತ ಹಾಗೆಯೇ ಹೋಗಿಬಿಟ್ಟ. ಹೃದಯ ನಿಂತಿತ್ತು. ಕೈಯಲ್ಲಿದ್ದ ಚಹಾ ಇನ್ನೂ ಬೆಚ್ಚಗಿತ್ತು.

ಇದ್ದವಳು ಒಬ್ಬಳೇ ಮಗಳು. ಪರೀಕ್ಷಾಲಯವೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಹೆಣದ ಮುಂದೆ ಕೂತು, "ದಿನಾ ಅರವತ್ತು ಜನರ ರಕ್ತ ತೆಗೀತೀನಿ, ನಮ್ಮಪ್ಪಂದು ಒಂದ್ಸಲ ತೆಗೀಲಿಲ್ಲ" ಎಂದು ಅತ್ತಳು. ಮೂರನೆಯ ದಿನ ಅಳು ನಿಂತಾಗ ತಾಯಿಯ ಕಡೆ ತಿರುಗಿದಳು. "ಈ ವಯಸ್ಸಲ್ಲಿ ಜಾಕ್ ಎತ್ತಿ, ಆ ಡಬ್ಬ ಎಳೆದೂ ಎಳೆದೂ ಹೋಗಿಬಿಟ್ಟ ಅಪ್ಪ. ನಿನಗೆ ಬೇಕಿತ್ತಲ್ಲ ಅದು." ಅಂದಿನಿಂದ ಬುಧವಾರ ಮಧ್ಯಾಹ್ನ ತಪ್ಪದೆ ಫೋನು ಬರುತ್ತದೆ, ಬದುಕಿದ್ದಾಳೋ ಇಲ್ಲವೋ ನೋಡಲು ಬಂದ ಹಾಗೆ. ಟ್ರೇಲರಿನ ಮೆಟ್ಟಿಲನ್ನು ಮಗಳು ಇದುವರೆಗೆ ತುಳಿದಿಲ್ಲ. ತಾಯಿ ಎದುರಾಡಿಲ್ಲ. ಏಕೆಂದರೆ ಹತ್ತು ತಿಂಗಳಿಂದ ಆಕೆಯೂ ಅದನ್ನೇ ನಂಬಿದ್ದಾಳೆ. ಬೇಕು ಎಂದವಳು ತಾನೇ ತಾನೆ?

ಆದರೂ ಮಾರಲಿಲ್ಲ. ಹೊಸ ಗಾಡಿ ಎಂದರೆ ಹಸುಗೂಸಿದ್ದ ಹಾಗೆ, ಸುಮ್ಮನಿದೆ ಎಂದು ಬಿಡುವ ಹಾಗಿಲ್ಲ. ಮೊದಲ ಓಟಗಳಲ್ಲಿ ಗಾಲಿಯ ನಟ್ಟುಗಳು ತಾವಾಗಿ ಸಡಿಲಾಗುತ್ತವೆ, ಮೊದಲು ನಿಂತಲ್ಲೇ ಇಳಿದು ಬಿಗಿಮಾಡಬೇಕು. ಮೂರು ತಿಂಗಳಿಗೊಮ್ಮೆ ಮೇಲೆ ಹತ್ತಿ, ಸೂರಿನ ಬೆಸುಗೆಗಳ ಉದ್ದಕ್ಕೂ ಹೆಬ್ಬೆರಳು ಎಳೆದು ಬಿರುಕು ಹುಡುಕಬೇಕು. ಮೆಟ್ಟಿಲು ಮಡಚಲು ಮರೆತು ಹೊರಟು, ಆಶ್ರಮವೊಂದರ ಗೇಟಿನ ಕಂಬಕ್ಕೆ ಗೀರು ಹಾಕಿದ್ದೂ ಉಂಟು. ಚಳಿಗಾಲದಲ್ಲಿ ಹೊದಿಕೆಯೆಲ್ಲ ಬೂಷ್ಟು ಹಿಡಿಯಿತು. "ಎಲ್ಲಾ ಕಿಂಡಿ ಬಿಗಿ ಮಾಡ್ಕೊಂಡು ಮಲಗಿದ್ರೆ ನಮ್ಮ ಉಸಿರೇ ನೀರಾಗಿ ಗೋಡೆ ಮೇಲೆ ಇಳಿಯುತ್ತೆ ಅಂತ ನಂಗೇನು ಗೊತ್ತು? ಮಳೆ ಬರದೇ ಸೋರೋ ಮನೆ ಇದೊಂದೇ ಇರ್ಬೇಕು!" ಆಮೇಲೆ ಸೂರಿಗೆ ಇನ್ನೊಂದು ಗಾಳಿಕಿಂಡಿ ಕೂರಿಸಿದಳು. ಟವೆಲ್ ಒಗೆಯಲು ಎರಡನೆಯ ನೀರಿನ ಟ್ಯಾಂಕು ಇಟ್ಟಳು. ತಿರುವಿನಲ್ಲಿ ಸೀಸೆಗಳು ಉರುಳದ ಹಾಗೆ ಕಪಾಟಿನ ಅಂಚಿಗೆ ಪಟ್ಟಿ ಹೊಡೆದಳು. ಎಲ್ಲ ಸ್ವಂತ ಕೈಯಿಂದ.

ಕಲಿಸಿದವನು ಗಂಡನೇ. ಮೂವತ್ತು ವರ್ಷ ತನ್ನ ಸ್ಟೇರಿಂಗಿಗೆ ಹೆಂಡತಿಯ ನೆರಳೂ ಬೀಳದಂತೆ ನೋಡಿಕೊಂಡವನು, ಟ್ರೇಲರ್ ಬಂದ ಮೇಲೆ ಎಲ್ಲವನ್ನೂ ಅವಳಿಗೇ ಬಿಟ್ಟ. ಹಿಂದಕ್ಕೆ ತಗೋ, ಕೊಕ್ಕೆ ಸಿಕ್ಕಿಸು, ಎಳೆದು ನೋಡು, ಮತ್ತೆ ಬಿಚ್ಚು, ಮತ್ತೆ ಸಿಕ್ಕಿಸು.

"ಮಹಾರಾಜರ ಹಾಗೆ ಕೂತ್ಕೊಂಡು ಅಪ್ಪಣೆ ಕೊಡ್ಸಿ! ನಾನೇನು ನಿಮ್ಮ ಕ್ಲೀನರ್ರೇನ್ರೀ?" ಎಂದು ಅವಳು ರೇಗಿದರೆ, "ಕ್ಲೀನರ್ ಅಲ್ಲ ಕಣೇ, ಮಾಲಕಿ. ಮೂಗು ಒರೆಸ್ಕೊಂಡು ಜಾಕ್ ಹಾಕು" ಎನ್ನುತ್ತಿದ್ದ.

ಅವನು ಎದ್ದು ಬಂದು ಮಾಡಿದ ಕೆಲಸ ಒಂದೇ. ಬಾಗಿಲ ಪಕ್ಕದ ಈ ಉಕ್ಕಿನ ಹಿಡಿಕೆ. "ನಿನ್ನ ಮಂಡಿಗೆ" ಎಂದಿದ್ದ. ಬಕೆಟ್ಟು ಹಿಡಿದು ದಿನಕ್ಕೆ ನಲವತ್ತು ಸಲ ಹತ್ತಿಳಿಯುವವಳಿಗೆ ಆಸರೆ ಬೇಕಿತ್ತು, ನಿಜ. ಆದರೆ ಇಂಜಿನ್ ಬಲ್ಲವನಿಗೆ ಗೋಡೆ ತಿಳಿಯದು. ತಗಡಿಗೆ ತೂತು ಕೊರೆದು, ಅಂಟು ಮೆತ್ತದೆ ಸ್ಕ್ರೂ ಬಿಗಿದ. ಒಂದೊಂದು ಮಳೆಗೂ ಸ್ಕ್ರೂವಿನ ಗುಂಟ ನೀರು ಮರದೊಳಗೆ ಇಳಿಯಿತು. ಸಾಲದ್ದಕ್ಕೆ ಹಿಡಿಕೆ ಅವಳ ಕೈಗೆ ಒಂದು ಗೇಣು ಮೇಲೆ. "ಏನ್ರೀ ಇದು, ಒಂಟೆಗೆ ಹಾಕಿದ್ದೀರಾ?" ಎಂದು ಅವಳು ನಕ್ಕಿದ್ದಳು. "ಕೈ ಎತ್ತಿದ್ರೆ ಬೆನ್ನು ನೆಟ್ಟಗಾಗುತ್ತೆ, ಒಳ್ಳೇದೇ" ಎಂದಿದ್ದ.

ಒಳಗಿನ ಗೋಡೆಯ ಕಲೆ ಈ ವಾರ ಅಂಗೈಯಗಲ ದಾಟಿದೆ. ಇನ್ನು ಬಿಟ್ಟರೆ ಬಾಗಿಲ ಚೌಕಟ್ಟೇ ಕುಸಿಯುತ್ತದೆ.

ನಾಲ್ಕನೆಯ ಸ್ಕ್ರೂ ಒಬ್ಬರ ಕೈಗೆ ಬಗ್ಗುವುದಲ್ಲ. ಯಾರಾದರೂ ಹಿಡಿಕೆಯನ್ನು ಈಚೆಗೆ ಜಗ್ಗಿ ಹಿಡಿಯಬೇಕು. ಗೇಟು ಕಾಯುವವನನ್ನು ಕೂಗುತ್ತಾಳೆ. ಆರಡಿಯ ಆಳು, ಮಾತು ಏಳಡಿ.

"ಬೆಳಬೆಳಿಗ್ಗೆ ಕತ್ತರಿ ಬಿಟ್ಟು ಸ್ಕ್ರೂಡ್ರೈವರ್ ಹಿಡಿದಿದ್ದೀಯಲ್ಲಕ್ಕಾ, ಯಾರ ತಲೆಗೆ?"

"ಮೊದಲು ಮೆಟ್ಟಿಲು ಹತ್ತು. ನಿಂದೂ ಆಮೇಲೆ ನೋಡೋಣ."

ಅವನು ಎರಡನೆಯ ಮೆಟ್ಟಿಲ ಮೇಲೆ ನಿಂತು ಕೈ ಚಾಚುತ್ತಾನೆ. ಹುಡುಕಬೇಕಾಗಿಯೇ ಇಲ್ಲ, ಹಿಡಿಕೆ ತಾನಾಗಿ ಬಂದು ಅಂಗೈಯಲ್ಲಿ ಕೂರುತ್ತದೆ. ಮೊಣಕೈ ಅರ್ಧ ಮಡಚಿದೆ, ಮೈಯ ಭಾರವೆಲ್ಲ ಸಲೀಸಾಗಿ ಆ ಕೈಗೆ ಹೋಗಿದೆ.

"ನನ್ನ ಅಳತೇನೇ ತಗೊಂಡು ಮಾಡಿಸಿದ ಹಾಗಿದೆಯಲ್ಲಕ್ಕಾ! ಹೀಗೆ ಹಿಡ್ಕೊಂಡ್ರೆ ನಿಂತಲ್ಲೇ ದಣಿವಾರಿಸ್ಕೋಬಹುದು."

ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಲ್ಲುತ್ತದೆ. ಗಂಡನದೂ ಇಷ್ಟೇ ಎತ್ತರ.

ಅವನು ಇದೇ ಮೆಟ್ಟಿಲ ಮೇಲೆ, ಹೀಗೇ, ದಿನಕ್ಕೆ ಹತ್ತು ಸಲ ನಿಲ್ಲುತ್ತಿದ್ದ. "ಏನ್ರೀ ಅಲ್ಲೇ ನಿಂತ್ರಿ?" ಎಂದರೆ, "ನೋಟ ನೋಡ್ತಿದ್ದೀನಿ" ಎನ್ನುತ್ತಿದ್ದ. ಎದುರಿಗಿದ್ದದ್ದು ನೀರಿನ ತೊಟ್ಟಿಯ ಗೋಡೆ. ಕನ್ನಡಕ ಬದಲಿಸಬೇಕೆಂದು ಮೂರು ಸಲ ಒಬ್ಬನೇ ಪೇಟೆಗೆ ಹೋಗಿಬಂದ. ಮೂರು ಸಲವೂ ಮೂಗಿನ ಮೇಲೆ ಹಳೆಯ ಕನ್ನಡಕವೇ ವಾಪಸು ಬಂತು. ಜಾಕ್ ಎತ್ತಿದವಳು ಯಾರು? ಗಾಡಿ ಎಳೆದವಳು ಯಾರು? ಕುರ್ಚಿಯಲ್ಲಿ ಕೂತವನು ಮಹಾರಾಜನಾಗಿರಲಿಲ್ಲ. ಎದ್ದರೆ ಉಸಿರು ಸಾಲುತ್ತಿರಲಿಲ್ಲ. ಪೇಟೆಗೆ ಹೋಗಿದ್ದು ಡಾಕ್ಟರ ಹತ್ತಿರ; ಕಾಯಿಲೆ ಅವನಿಗೆ ಗೊತ್ತಿತ್ತು. ಎಷ್ಟು ದಿನ ಉಳಿದಿವೆ ಎಂಬುದೂ ಗೊತ್ತಿತ್ತೇನೋ. ಅದಕ್ಕೇ ಕೊಕ್ಕೆ ಸಿಕ್ಕಿಸು, ಮತ್ತೆ ಬಿಚ್ಚು, ಮತ್ತೆ ಸಿಕ್ಕಿಸು.

"ಕಳ್ಳ" ಎನ್ನುತ್ತಾಳೆ.

"ಯಾರಕ್ಕಾ?"

"ಈ ಸ್ಕ್ರೂ. ಜಗ್ಗು ಗಟ್ಟಿಯಾಗಿ."

ಹಿಡಿಕೆ ಕಿತ್ತು ಬರುತ್ತದೆ. ಮೆತ್ತಗಾದ ಮರವನ್ನು ಕೆರೆದು ತೆಗೆದು, ಒಳಗೊಂದು ಸಣ್ಣ ಫ್ಯಾನು ಇಟ್ಟು, ಹೊರಗೆ ಪ್ಲಾಸ್ಟಿಕ್ ಹಾಳೆ ಇಳಿಬಿಡುತ್ತಾಳೆ. ಒಣಗಲು ನಾಲ್ಕು ದಿನ ಬೇಕು. ಆಮೇಲೆ ಹಳೆಯ ತೂತು ತುಂಬಿ, ಅಂಟು ಮೆತ್ತಿ, ಹೊಸ ಸ್ಕ್ರೂ. "ಮತ್ತೆ ಅಲ್ಲೇ ಹಾಕೋಣ್ವಾ?" ಎಂದು ಅವನು ಕೇಳಿದರೆ, "ಬೇಡ. ಹತ್ತಿ ಇಳಿಯೋಳು ನಾನು, ನನ್ನ ಅಳತೆಗೆ ಹಾಕ್ತೀನಿ" ಎನ್ನುತ್ತಾಳೆ. ಮುಖ ತೊಳೆದುಕೊಂಡು, ಎಂಟಕ್ಕೆ ಸರಿಯಾಗಿ ಒಳಗೆ ಹೋಗುತ್ತಾಳೆ.

ನಾಲ್ಕನೆಯ ತಲೆ ಗಣಿತದ ಮೇಷ್ಟ್ರದು. ಎರಡು ವರ್ಷದಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ, ನಾಲಿಗೆಗೇನೂ ಆಗಿಲ್ಲ.

"ಏನಮ್ಮ, ಇವತ್ತು ನಿನ್ನ ಕತ್ತರಿ ಮಾತಾಡ್ತಿಲ್ಲ?"

"ಅದಕ್ಕೂ ಒಂದಿನ ರಜ ಬೇಡ್ವಾ ಮೇಷ್ಟ್ರೇ?"

"ರಜ ನಾಳೆ ಹಾಕ್ಲಿ. ಇವತ್ತು ಮಗನಿಗೆ ಫೋಟೋ ಕಳಿಸ್ಬೇಕು. ಕಿವಿ ಪಕ್ಕ ಸ್ವಲ್ಪ ತುಂಬಾ ಬಿಡು, ಕೆನ್ನೆ ಬತ್ತಿದ್ದು ಕಾಣಬಾರ್ದು. ಪಾಪ, ಅಷ್ಟು ದೂರ ಕೂತು ಅವನೇನು ಮಾಡಕ್ಕಾಗುತ್ತೆ?"

ಆಕೆ ಕಿವಿಯ ಪಕ್ಕ ಕೂದಲು ಉಳಿಸುತ್ತಾಳೆ. ತಲೆಯನ್ನು ಅಂಗೈಯಲ್ಲಿ ಎತ್ತಿ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿದಿರುತ್ತಾಳೆ.

ಬುಧವಾರ. ಮಧ್ಯಾಹ್ನ ಕಾರಿಡಾರಿನಲ್ಲಿ ಫೋನು ಹೊಡೆದುಕೊಳ್ಳುತ್ತದೆ.

"ಗೋಡೆ ಸೋರ್ತಿದೆ ಅಂದಿದ್ಯಲ್ಲ, ಏನಾಯ್ತು?" ಮಗಳ ದನಿ.

"ಬಿಚ್ಚಿ ಒಣಗಕ್ಕೆ ಬಿಟ್ಟಿದ್ದೀನಿ."

"ಮಾರು ಅಂದ್ರೆ ಕೇಳಲ್ಲ. ಅಪ್ಪನ್ನ ನುಂಗಿದ್ದು ಸಾಲ್ದಾ ಅದಕ್ಕೆ?"

ಮಾತು ನಾಲಿಗೆಯ ತುದಿಗೆ ಬಂದಿದೆ. ಒಂದೇ ವಾಕ್ಯ ಸಾಕು. ಟ್ರೇಲರ್ ಬರುವ ಮೊದಲೇ ನಿಮ್ಮಪ್ಪನಿಗೆ ಕಾಯಿಲೆ ಇತ್ತು ಕಣೇ, ನನಗೂ ಹೇಳಲಿಲ್ಲ. ಹತ್ತು ತಿಂಗಳ ಹೊರೆ ಈ ಕಾರಿಡಾರಿನಲ್ಲೇ ಕಳಚಿ ಬೀಳುತ್ತದೆ. ಆದರೆ ಬೀಳುವುದು ಯಾರ ಮೇಲೆ? ಆ ಹತ್ತು ವಾರಗಳಲ್ಲಿ ಮಗಳು ಮನೆಗೆ ಮೂರು ಸಲ ಬಂದಿದ್ದಳು. ಅಪ್ಪನ ಎದುರೇ ಕೂತು ಉಂಡಿದ್ದಳು, ಹರಟಿದ್ದಳು. ದಿನಾ ಅರವತ್ತು ಜನರಿಗೆ ಸೂಜಿ ಚುಚ್ಚುವ ಕೈ, ಅವನ ಮಣಿಕಟ್ಟು ಹಿಡಿದು ನೋಡಲಿಲ್ಲ. ಅವಳಿಗೆ ತಿಳಿಯಬಾರದೆಂದೇ ಅವನು ದೂರದ ಪೇಟೆಗೆ ಹೋಗಿದ್ದು. ಈಗ ಅವಳಿಗೆ ಸಿಟ್ಟಾದರೂ ಇದೆ, ಅದನ್ನು ಹಾಕಲು ತಾಯಿಯೆಂಬ ಒಂದು ಜಾಗವಿದೆ.

"ಹೌದಮ್ಮ" ಎನ್ನುತ್ತಾಳೆ ಆಕೆ. "ಬೇಕು ಅಂತ ಹಟ ಹಿಡಿದೋಳು ನಾನೇ. ಅವರು ಬೇಡ ಅಂದ್ರು. ನಾನು ಕೇಳ್ಲಿಲ್ಲ."

ಅವನು ಬೇಡ ಎಂದಿರಲೇ ಇಲ್ಲ.

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, ಈ ಹತ್ತು ತಿಂಗಳಲ್ಲಿ ಕೇಳಿರದಿದ್ದ ಒಂದು ಮಾತು.

"ಊಟ ಮಾಡಿದ್ಯಾ?"

"ಇನ್ನು ಮೂರು ತಲೆ ಇದೆ. ಆಮೇಲೆ."

"ತಡ ಮಾಡ್ಬೇಡ."

"ಇಲ್ಲ."

ಆ ಕಡೆಯಿಂದ ಫೋನು ಇಡುವವರೆಗೂ ಆಕೆ ಕಿವಿಯಿಂದ ತೆಗೆಯುವುದಿಲ್ಲ. ಆಮೇಲೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬೋಗುಣಿ ಎತ್ತಿಕೊಳ್ಳುತ್ತಾಳೆ. ಕೊನೆಯ ಕೋಣೆಯ ಅಜ್ಜಿ ಕೊರಳಿಗೆ ಟವೆಲ್ ಸುತ್ತಿಕೊಂಡು ಆಗಲೇ ಕಾಯುತ್ತಿದ್ದಾರೆ. ನೀರು ಆರುವ ಮೊದಲು ಹೋಗಬೇಕು.