ಬಲೆಯವನ ಇಂಗ್ಲಿಷ್ ಹಾಡು

ಕಡಲ ದಡದ ನಮ್ಮೂರು ಕೋಡಿಯಲ್ಲಿ ಪಕ್ಕದ ಮನೆಯವನು ಮೀನಿನ ಬಲೆ ರಿಪೇರಿ ಮಾಡುತ್ತಿದ್ದ. ಮುಂಬೈಯಿಂದ ಒಂದು ಇಂಗ್ಲಿಷ್ ರಾಕ್ ಬ್ಯಾಂಡಿನ ಹುಚ್ಚು ಹಿಡಿಸಿಕೊಂಡು ಬಂದವನು. ಒಂದೊಂದು ಹಾಡು ಅನ್ನ ಬೇಯುವಷ್ಟು ಉದ್ದ. ಸಂಜೆ ದರ್ಜಿ ಗೆಳೆಯ ಬಂದರೆ ಜಗಳ ಶುರು.

"ಹಳೇ ಹಾಡುಗಾರ ಹೋದ್ ಮೇಲೆ ನಿನ್ ಬ್ಯಾಂಡ್ ಸತ್ತೋಯ್ತ್," ಎನ್ನುವನು ದರ್ಜಿ.

"ಯಕ್ಷಗಾನ್ದಲ್ಲ್ ಭಾಗವತ ಬದಲಾದ್ರೆ ಮೇಳ ಸಾಯತ್ತಾ? ಪೂರಾ ಕೇಣ್, ಮತ್ತೆ ಮಾತಾಡ್," ಎನ್ನುವನು ಇವನು, ಬಲೆಯಿಂದ ತಲೆ ಎತ್ತದೆ.

ದರ್ಜಿ ಪೂರಾ ಕೇಳಿದ್ದೇ ಇಲ್ಲ, ನಡುವೆಯೇ ಎದ್ದು ಬಂದು ಹಾಡು ನಿಲ್ಲಿಸುತ್ತಿದ್ದ.

ಮಳೆಗಾಲದಲ್ಲಿ ದರ್ಜಿ ತೀರಿಕೊಂಡ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಸತ್ತವನಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಅವನು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಹಾಕುತ್ತಾರೆ. ಇವನು ಎಲೆಯ ಪಕ್ಕ ಮೊಬೈಲಿಟ್ಟು ತನ್ನ ಮೆಚ್ಚಿನ ಬ್ಯಾಂಡಿನ ಹಾಡು ಹಾಕಿದ.

"ಅವ್ನಿಗ್ ಆಗ್ದಿದ್ ಹಾಡ್ ಎಂತಕೆ ಹಾಕ್ತೆ?" ಎಂದೆ.

"ಹಾಡ್ ನಿಲ್ಸುಕಾದ್ರೂ ಅವ ಎದ್ದ್ ಬತ್ನಾ ಕಾಂಬ, ಅಜ್ಜಿ."

ಹಾಡು ಪೂರಾ ಮುಗಿಯಿತು.